ಗಾಳಿ ಸೀಳುವ ಮೈಕಟ್ಟು ಕಾಲು ಮೈಲಿಯ ಓಟದಲ್ಲಿ ಏಕೆ ನೆಲೆಯೂರಲಿಲ್ಲ?

ಓದುಗರ ಪ್ರಶ್ನೆ: 1950ರ ದಶಕದ ಅಮೆರಿಕದ ಡ್ರ್ಯಾಗ್ ರೇಸ್ ಚಿತ್ರಗಳಲ್ಲಿ ಹೆಚ್ಚಿನ ವಾಹನಗಳು ಬರೀ ಚೌಕಟ್ಟು, ಎಂಜಿನ್ ಮತ್ತು ನಾಲ್ಕು ಚಕ್ರಗಳಾಗಿ ಕಾಣುತ್ತವೆ. ಅದೇ ಕಾಲದಲ್ಲಿ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಓಡುತ್ತಿದ್ದ ಕಾರುಗಳಿಗೆ ತಲೆಯಿಂದ ಬಾಲದವರೆಗೆ ನುಣುಪಾದ ಹೊರಕವಚವಿತ್ತು. ಗಾಳಿಯ ತಡೆ ತಗ್ಗಿದರೆ ವೇಗ ಹೆಚ್ಚುತ್ತದೆ ಎಂದು ಗೊತ್ತಿದ್ದೂ ಡ್ರ್ಯಾಗ್‌ಸ್ಟರ್ ಕಟ್ಟುವವರು ಅದನ್ನೇಕೆ ಕೈಬಿಟ್ಟರು?

ಉತ್ತರ: ಅವರು ಅದನ್ನು ಒಮ್ಮೆಲೇ ಕೈಬಿಡಲಿಲ್ಲ. ಸ್ಟ್ರೀಮ್‌ಲೈನ್, ಅಂದರೆ ಗಾಳಿ ಸೀಳುವ ಮೈಕಟ್ಟಿನ ಡ್ರ್ಯಾಗ್‌ಸ್ಟರ್‌ಗಳನ್ನು ಮತ್ತೆ ಮತ್ತೆ ಕಟ್ಟಿದರು, ಅವುಗಳಲ್ಲಿ ಒಂದೆರಡು ನಿಜಕ್ಕೂ ಅದ್ಭುತವಾಗಿ ಓಡಿದವು. ಆದರೆ ನಿಂತ ಸ್ಥಳದಿಂದ ಹೊರಟು 1,320 ಅಡಿ, ಅಂದರೆ ಸುಮಾರು 402 ಮೀಟರ್ ದೂರವನ್ನು ಎದುರಾಳಿಗಿಂತ ಮೊದಲು ಮುಗಿಸಬೇಕಾದ ಪಂದ್ಯದಲ್ಲಿ ಗಾಳಿ ದೊಡ್ಡ ಶತ್ರುವಾಗುವುದು ಕೊನೆಯ ಭಾಗದಲ್ಲಿ ಮಾತ್ರ; ತೂಕ ಮತ್ತು ಟೈರಿನ ಹಿಡಿತದ ಕೊರತೆಯಾದರೋ ಮೊದಲ ಅಂಗುಲದಿಂದಲೇ ಕಾಡುತ್ತವೆ. ಈ ಲೆಕ್ಕಾಚಾರವೇ ಆ ಕಾಲದ ಡ್ರ್ಯಾಗ್‌ಸ್ಟರ್‌ಗಳ ರೂಪವನ್ನು ನಿರ್ಧರಿಸಿತು.

ಇದನ್ನು ಅಂಕಿಗಳಲ್ಲಿ ನೋಡುವುದು ಒಳ್ಳೆಯದು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆ ತಡೆಯನ್ನು ಮೀರಿ ಓಡಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಕವಚವಿಲ್ಲದ ಒಂದು ವಾಹನದ ಎದುರುಮೈ ಮತ್ತು ಆಕಾರ ಎರಡನ್ನೂ ಸೇರಿಸಿದ ಪರಿಣಾಮಕಾರಿ ವಿಸ್ತೀರ್ಣ 0.6 ಚದರ ಮೀಟರ್ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಳಿಯನ್ನು ತಳ್ಳಲು ಸುಮಾರು 10 ಅಶ್ವಶಕ್ತಿ ಸಾಕು, 200 ಕಿ.ಮೀ. ವೇಗದಲ್ಲಿ 80ಕ್ಕೂ ಹೆಚ್ಚು ಬೇಕು, 287 ಕಿ.ಮೀ. ಮುಟ್ಟುವ ಹೊತ್ತಿಗೆ 240 ಅಶ್ವಶಕ್ತಿ ಗಾಳಿಗೇ ಹೋಗುತ್ತದೆ. ಹೊರಕವಚ ತೊಡಿಸಿ ಈ ತಡೆಯನ್ನು ಅರ್ಧಕ್ಕೆ ಇಳಿಸಿದರೆ ಗುರಿಗೆರೆಯ ಬಳಿ 120 ಅಶ್ವಶಕ್ತಿ ಉಳಿಯುತ್ತದೆ, ಮತ್ತು ಅದು ಸಣ್ಣ ಉಳಿತಾಯವಲ್ಲ. ಆದರೆ ಆ ಉಳಿತಾಯ ಸಿಗುವುದು ಎಲ್ಲಿ ಎಂಬುದನ್ನು ಗಮನಿಸಬೇಕು. ವೇಗೋತ್ಕರ್ಷ ಒಂದೇ ಸಮನಾಗಿದೆ ಎಂದುಕೊಂಡರೆ, ಓಟದ ಅರ್ಧ ಸಮಯ ಕಳೆದಾಗ ವಾಹನ ಕ್ರಮಿಸಿರುವುದು ಕಾಲು ಭಾಗ ದೂರ, ಆಗ ಅದರ ವೇಗ ಕೊನೆಯ ವೇಗದ ಅರ್ಧ, ಗಾಳಿಯ ತಡೆ ಕೊನೆಯ ತಡೆಯ ಕಾಲು ಭಾಗ ಮಾತ್ರ. ಹೀಗಾಗಿ ಗಡಿಯಾರದ ಮೊದಲರ್ಧದಲ್ಲಿ ಕವಚದಿಂದ ಬರುವ ಲಾಭ ಅತ್ಯಲ್ಪ.

ಅದೇ ಕವಚದ ತೂಕವನ್ನು ಮಾತ್ರ ಓಟದ ಉದ್ದಕ್ಕೂ ಹೊರಬೇಕು. 600 ಕೆ.ಜಿ. ವಾಹನಕ್ಕೆ 50 ಕೆ.ಜಿ. ಕವಚ ಸೇರಿಸಿದರೆ, ಅಷ್ಟೇ ತಳ್ಳುವ ಬಲಕ್ಕೆ ವೇಗೋತ್ಕರ್ಷ ಶೇಕಡಾ 8ರ ಹತ್ತಿರ ಕುಗ್ಗುತ್ತದೆ. ಹೆಚ್ಚುವರಿ ತೂಕ ಹಿಂದಿನ ಚಕ್ರಗಳ ಮೇಲೆಯೇ ಬಿದ್ದರೆ ಟೈರಿನ ಹಿಡಿತವೂ ಹೆಚ್ಚಿ, ಹೊರಡುವ ಕ್ಷಣದಲ್ಲಿ ಸ್ವಲ್ಪ ನಷ್ಟ ತುಂಬಿಬರುತ್ತದೆ ಎಂಬುದು ನಿಜ. ಆದರೆ ಮೂತಿಯಿಂದ ಬಾಲದವರೆಗೆ ಹರಡಿದ ಕವಚದ ತೂಕದಲ್ಲಿ ಒಂದು ಪಾಲು ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ, ಅಲ್ಲಿ ಅದರಿಂದ ಯಾವ ಪ್ರಯೋಜನವೂ ಇಲ್ಲ.

ಬಾನ್‌ವಿಲ್‌ನ ಲೆಕ್ಕ ಇದಕ್ಕೆ ಪೂರ್ತಿ ವಿರುದ್ಧವಾದದ್ದು. ಅಲ್ಲಿ ವೇಗ ಕೂಡಿಸಿಕೊಳ್ಳಲು ಮೈಲಿಗಟ್ಟಲೆ ದೂರವಿದೆ, ನಿಧಾನವಾಗಿ ಹೊರಟರೂ ಚಿಂತೆಯಿಲ್ಲ. ಪರಮಾವಧಿ ವೇಗ ಮುಟ್ಟಿದ ಮೇಲೆ ಎಂಜಿನ್ನಿನ ಶಕ್ತಿಯ ಬಹುಪಾಲು ಗಾಳಿಯನ್ನು ತಳ್ಳುವುದಕ್ಕೇ ವಿನಿಯೋಗವಾಗುತ್ತದೆ. ಆದ್ದರಿಂದ ಅಂಥದೇ ವಿಶಾಲ ಬಯಲುಗಳಾದ ದಕ್ಷಿಣ ಕ್ಯಾಲಿಫೋರ್ನಿಯದ ಒಣ ಸರೋವರಗಳ ಓಟಗಾರರು ಆಕಾರದ ಬೆಲೆಯನ್ನು ಬಹಳ ಬೇಗ ಅರಿತರು. ಎರಡನೆಯ ಮಹಾಯುದ್ಧ ಮುಗಿದು, ಯುದ್ಧವಿಮಾನಗಳ ಕೆಳಗೆ ತೂಗುಹಾಕುತ್ತಿದ್ದ ಹೆಚ್ಚುವರಿ ಇಂಧನದ ಟ್ಯಾಂಕುಗಳು ಮಿಲಿಟರಿ ಸರಂಜಾಮಿನ ಮಾರಾಟದಲ್ಲಿ ಅಗ್ಗಕ್ಕೆ ಸಿಗತೊಡಗಿದಾಗ, ಬಿಲ್ ಬರ್ಕ್ 1946ರಲ್ಲಿ ಅಂಥದೊಂದು ಟ್ಯಾಂಕನ್ನೇ ಕಾರಿನ ಮೈಯಾಗಿ ಮಾಡಿಕೊಂಡರು. ಅಲೆಕ್ಸ್ ಝೈಡಿಯಾಸ್ ಮತ್ತು ಡೀನ್ ಬ್ಯಾಚಲರ್ ಕಟ್ಟಿದ ಸೋ-ಕ್ಯಾಲ್ ಸ್ಟ್ರೀಮ್‌ಲೈನರ್ 1950ರಲ್ಲಿ ಬಾನ್‌ವಿಲ್‌ನಲ್ಲಿ ಗಂಟೆಗೆ 200 ಮೈಲಿಯ, ಅಂದರೆ 320 ಕಿ.ಮೀ.ಗಳ ಗಡಿಯನ್ನು ದಾಟಿತು. ಬೀದಿಯ ಫೋರ್ಡ್ ಕಾರುಗಳಲ್ಲಿ ಬಳಕೆಯಲ್ಲಿದ್ದ ಫ್ಲ್ಯಾಟ್‌ಹೆಡ್ ವಿ-8 ಮಾದರಿಯ ಎಂಜಿನ್ ಅಷ್ಟು ವೇಗ ಕೊಟ್ಟದ್ದರಲ್ಲಿ ಆಕಾರದ ಪಾಲು ಬಹಳ ದೊಡ್ಡದು.

ಅದೇ 1950ರಲ್ಲಿ ಪ್ಯಾಪಿ ಹಾರ್ಟ್ ಮತ್ತು ಸಂಗಡಿಗರು ಸ್ಯಾಂಟಾ ಆನಾದ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಭಾನುವಾರದ ಡ್ರ್ಯಾಗ್ ರೇಸ್ ಆರಂಭಿಸಿದರು. ಅಲ್ಲಿ ಓಡುತ್ತಿದ್ದವರಲ್ಲಿ ಅನೇಕರು ಒಣ ಸರೋವರಗಳಲ್ಲಿ ಪಳಗಿದವರೇ ಆಗಿದ್ದರಿಂದ ಸ್ಟ್ರೀಮ್‌ಲೈನ್ ವಿದ್ಯೆ ಅವರಿಗೆ ಹೊಸದಾಗಿರಲಿಲ್ಲ. ಆದರೂ ಹೆಸರು ಮಾಡಿದ್ದು ಡಿಕ್ ಕ್ರಾಫ್ಟ್ ಅವರ 'ದಿ ಬಗ್'. ಹಳೆಯ ಮಾಡೆಲ್ ಟಿ ಫೋರ್ಡಿನ ಚಾಸಿ, ಒಂದು ಫ್ಲ್ಯಾಟ್‌ಹೆಡ್ ಎಂಜಿನ್, ಕೂರಲು ಒಂದು ಸೀಟು. ಬಾನೆಟ್ಟಿಲ್ಲ, ಬಾಗಿಲಿಲ್ಲ, ಮಡ್‌ಗಾರ್ಡಿಲ್ಲ, ಬಿಚ್ಚಿಹಾಕಬಹುದಾದ ತಗಡನ್ನೆಲ್ಲ ಬಿಚ್ಚಿಹಾಕಲಾಗಿತ್ತು. ಅದು ಗಂಟೆಗೆ 110 ಮೈಲಿಯ ಆಸುಪಾಸಿನ ವೇಗ ತೋರಿಸಿದಾಗ, ತಗಡು ಸೇರಿಸುವುದಕ್ಕಿಂತ ಕಿತ್ತುಹಾಕುವುದು ಲಾಭಕರ ಎಂಬುದು ನೋಡುತ್ತಿದ್ದವರಿಗೆಲ್ಲ ಮನವರಿಕೆಯಾಯಿತು. ಹಾಗೆ ಕಿತ್ತುಹಾಕುವುದಕ್ಕೆ ಹಣವೂ ಬೇಕಿರಲಿಲ್ಲ ಎಂಬುದನ್ನು ಮರೆಯಬಾರದು; ಆ ಓಟಗಾರರಲ್ಲಿ ಹೆಚ್ಚಿನವರು ಸಂಬಳದ ದುಡಿಮೆಯಲ್ಲಿ ಉಳಿಸಿದ್ದನ್ನು ಕಾರಿಗೆ ಹಾಕುತ್ತಿದ್ದ ಯುವಕರು.

1954ರಲ್ಲಿ ಮಿಕ್ಕಿ ಥಾಂಪ್ಸನ್ ಕಟ್ಟಿದ ವಾಹನದಿಂದ ಜನಪ್ರಿಯವಾದ 'ಸ್ಲಿಂಗ್‌ಶಾಟ್' ವಿನ್ಯಾಸ ಕವಚದ ದಾರಿಯನ್ನು ಇನ್ನಷ್ಟು ಕಠಿಣಗೊಳಿಸಿತು. ಇದರಲ್ಲಿ ಚಾಲಕ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಕೂರುತ್ತಾನೆ, ಎಂಜಿನ್ ಅವನ ಮುಂದೆ ಇರುತ್ತದೆ. ಭಾರವೆಲ್ಲ ಹಿಂದಕ್ಕೆ ಸರಿದು ಅಗಲವಾದ ನುಣುಪು ಟೈರುಗಳು ನೆಲವನ್ನು ಬಿಗಿಯಾಗಿ ಹಿಡಿಯುತ್ತವೆ. ಹಿಡಿತದ ದೃಷ್ಟಿಯಿಂದ ಅತ್ಯಂತ ಸಮರ್ಪಕವಾದ ಈ ಜೋಡಣೆಗೆ ಗಾಳಿಗೆ ಹೊಂದುವ ಮೈ ಹೊದಿಸುವುದು ಬಲು ತ್ರಾಸದ ಕೆಲಸ. ಎಂಜಿನ್ನಿನ ನೆತ್ತಿಯಲ್ಲಿ ಅದರೊಳಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಮತ್ತು ಗಾಳಿ ಎಳೆದುಕೊಳ್ಳುವ ಕೊಳವೆಗಳು ಎದ್ದು ನಿಂತಿರುತ್ತವೆ, ಪಕ್ಕಗಳಲ್ಲಿ ಹೊಗೆಕೊಳವೆಗಳು ಚಾಚಿರುತ್ತವೆ, ಅವುಗಳ ಹಿಂದೆ ಚಾಲಕನ ತಲೆ, ಎರಡು ಬದಿಗೆ ದಪ್ಪ ಟೈರುಗಳು. ಇವನ್ನೆಲ್ಲ ಒಂದೇ ಕವಚದೊಳಗೆ ಅಡಗಿಸಹೊರಟರೆ ಕವಚವೇ ಭಾರಿಯಾಗಿ ಎದುರುಮೈಯ ವಿಸ್ತೀರ್ಣ ಬೆಳೆಯುತ್ತದೆ.

ಇಷ್ಟಿದ್ದೂ ಪ್ರಯತ್ನ ನಿಲ್ಲಲಿಲ್ಲ. ಸ್ಯಾಕ್ರಮೆಂಟೊದ ಕೊರ್ಟೊಪಾಸಿ ಸಹೋದರರ 'ಗ್ಲಾಸ್ ಸ್ಲಿಪ್ಪರ್' ಚಾಲಕನ ತಲೆಯ ಮೇಲೆ ಪಾರದರ್ಶಕ ಗುಮ್ಮಟ ಹೊತ್ತ, ಕಣ್ಣು ಕೀಳಲಾಗದಷ್ಟು ಸುಂದರ ವಾಹನ. ಓಕ್‌ಲೆಂಡ್‌ನ ಕಾರು ಪ್ರದರ್ಶನದಲ್ಲಿ ಅದು ಮನ್ನಣೆ ಪಡೆಯಿತು. ಆದರೆ ನನ್ನ ಅಭಿಪ್ರಾಯದಲ್ಲಿ ಈ ಇಡೀ ಅಧ್ಯಾಯದ ಅತಿ ಮುಖ್ಯ ವಾಹನವೆಂದರೆ ಜಾಕೊ ಎಂದೇ ಪ್ರಸಿದ್ಧರಾದ ರಾಬರ್ಟ್ ಜಾನ್ಸನ್ ಕಟ್ಟಿದ ಸ್ಟ್ರೀಮ್‌ಲೈನರ್. ಜಾಕೊ ಅವರ ವೃತ್ತಿ ಸಿಲಿಂಡರ್ ಹೆಡ್‌ಗಳ ಒಳದಾರಿಗಳನ್ನು ಕೊರೆದು, ತಿದ್ದಿ, ಎಂಜಿನ್ನಿನೊಳಗೆ ಗಾಳಿ ಸರಾಗವಾಗಿ ಹರಿಯುವಂತೆ ಮಾಡುವುದಾಗಿತ್ತು. ದಿನವಿಡೀ ಗಾಳಿಯ ಹರಿವನ್ನೇ ಚಿಂತಿಸುತ್ತಿದ್ದ ಮನುಷ್ಯ ವಾಹನದ ಹೊರಗಿನ ಗಾಳಿಯ ಕಡೆಗೂ ಗಮನ ಹರಿಸಿದ್ದು ಸಹಜವೇ. 1959ರಲ್ಲಿ ರಿವರ್‌ಸೈಡ್‌ನಲ್ಲಿ ಜಾಝಿ ಜಿಮ್ ನೆಲ್ಸನ್ ಈ ವಾಹನವನ್ನು 8.35 ಸೆಕೆಂಡುಗಳಲ್ಲಿ, ಗಂಟೆಗೆ 178.21 ಮೈಲಿ ವೇಗದಲ್ಲಿ ಕಾಲು ಮೈಲಿ ದಾಟಿಸಿದರು.

ಈ ಅಂಕಿಯನ್ನು ತೂಗಿನೋಡಲು ಇನ್ನೊಂದನ್ನು ಪಕ್ಕದಲ್ಲಿಡಬೇಕು. 1957ರ ನವೆಂಬರಿನಲ್ಲಿ ಫ್ಲಾರಿಡಾದ ಬ್ರೂಕ್ಸ್‌ವಿಲ್‌ನಲ್ಲಿ ಡಾನ್ ಗಾರ್ಲಿಟ್ಸ್ ಯಾವ ಕವಚವೂ ಇಲ್ಲದ, ಬರಿ ಎಲುಬಿನಂಥ ಡ್ರ್ಯಾಗ್‌ಸ್ಟರ್‌ನಲ್ಲಿ 8.79 ಸೆಕೆಂಡು ಮತ್ತು 176.40 ಮೈಲಿ ದಾಖಲಿಸಿದ್ದರು. ಕೊನೆಯ ವೇಗದಲ್ಲಿ ಎರಡರ ನಡುವೆ ಎರಡು ಮೈಲಿಯಷ್ಟೂ ಅಂತರವಿಲ್ಲ, ಸಮಯದಲ್ಲಿ ಮಾತ್ರ 0.44 ಸೆಕೆಂಡಿನ ಅಂತರವಿದೆ. ಆಕಾರದ ಲಾಭ ಮುಖ್ಯವಾಗಿ ಕೊನೆಯ ವೇಗದಲ್ಲಿ ಕಾಣಿಸಿಕೊಳ್ಳಬೇಕಾದದ್ದು. ಆದ್ದರಿಂದ ಜಾಕೊ ಅವರ ಸಾಧನೆಯನ್ನೆಲ್ಲ ಕವಚದ ಲೆಕ್ಕಕ್ಕೇ ಬರೆಯುವುದು ನ್ಯಾಯವಲ್ಲ. ಎಂಜಿನ್ನು, ಟೈರು, ಓಟದ ಪಟ್ಟಿ ಎಲ್ಲವೂ ಬೇರೆ ಬೇರೆಯಾಗಿದ್ದವು. ಆದರೆ ಕವಚದ ತೂಕ ಹೊತ್ತೂ ಒಂದು ಡ್ರ್ಯಾಗ್‌ಸ್ಟರ್ ಮುಂಚೂಣಿಯಲ್ಲಿ ನಿಲ್ಲಬಲ್ಲದು ಎಂಬುದನ್ನು ಆ ಓಟ ನಿಸ್ಸಂದೇಹವಾಗಿ ತೋರಿಸಿತು. ಅದನ್ನು ಬರೀ ಕುತೂಹಲದ ಪ್ರಯೋಗವೆಂದು ಬದಿಗೆ ಸರಿಸುವವರ ಮಾತನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಉಳಿದವರು ಜಾಕೊ ಅವರ ಹಾದಿ ಹಿಡಿಯಲಿಲ್ಲವೇಕೆ? ಅದೇ ಹಣಕ್ಕೆ, ಅದೇ ಶ್ರಮಕ್ಕೆ ಹೆಚ್ಚು ಲಾಭ ಕೊಡುವ ಬೇರೆ ದಾರಿಗಳು ಆಗ ತೆರೆದಿದ್ದವು. ಜಿಎಂಸಿ ಡೀಸೆಲ್ ಎಂಜಿನ್ನುಗಳಿಂದ ಕಳಚಿ ತಂದ ಸೂಪರ್‌ಚಾರ್ಜರ್, ನೈಟ್ರೊಮೀಥೇನ್ ಇಂಧನ, ಮಾರ್ವಿನ್ ರಿಫ್ಕಿನ್ ಅವರ ಎಂ ಆಂಡ್ ಎಚ್ ಟೈರುಗಳು, ಇವೆಲ್ಲ ಓಟದ ಆರಂಭದಿಂದಲೇ ನೆರವಿಗೆ ಬರುವಂಥವು. ಇನ್ನೊಂದು ಕಾರಣ ಎರಡು ಸುತ್ತುಗಳ ನಡುವಿನ ಕೆಲಸ. ಗೆದ್ದು ಮರಳಿದ ವಾಹನದ ಸ್ಪಾರ್ಕ್ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿ, ತುದಿಯ ಬಣ್ಣ ನೋಡಿ ಯಾವ ಸಿಲಿಂಡರಿಗೆ ಇಂಧನ ಹೆಚ್ಚಾಗಿದೆ, ಯಾವುದಕ್ಕೆ ಸಾಲದು ಎಂದು ತೀರ್ಮಾನಿಸಬೇಕು, ವಾಲ್ವುಗಳ ಸಂದು ಸರಿಪಡಿಸಬೇಕು, ಆಯಿಲ್ ಪರೀಕ್ಷಿಸಬೇಕು. ಎಂಜಿನ್ ಬಯಲಲ್ಲಿದ್ದರೆ ಎರಡು ಕಡೆಯಿಂದಲೂ ಕೈಹಾಕಬಹುದು. ಇಡೀ ಕವಚವನ್ನು ಎತ್ತಿಟ್ಟು ಮತ್ತೆ ಕೂರಿಸಬೇಕಾದವರಿಗೆ ಆ ಸಮಯವೇ ದುಬಾರಿ. ಬೆಂಕಿ ಹೊತ್ತಿದಾಗ ಮುಚ್ಚಿದ ಕವಚದೊಳಗಿಂದ ಚಾಲಕ ಹೊರಬರುವುದು ಎಷ್ಟು ಕಷ್ಟ ಎಂಬುದನ್ನು ವಿವರಿಸಬೇಕಾಗಿಲ್ಲ.

ಎಲ್ಲಕ್ಕಿಂತ ಗಂಭೀರವಾದದ್ದು ಮೇಲೆತ್ತುವ ಬಲದ ಪ್ರಶ್ನೆ. ನೆಲಕ್ಕೆ ಹತ್ತಿರವಿದ್ದು ಮೇಲ್ಮೈ ಮಾತ್ರ ಉಬ್ಬಿರುವ ಆಕಾರ ವಿಮಾನದ ರೆಕ್ಕೆಯಂತೆ ವರ್ತಿಸಿ ವಾಹನವನ್ನು ನೆಲದಿಂದ ಎತ್ತಲು ಹವಣಿಸುತ್ತದೆ; ತಡೆ ಕಡಿಮೆಯಾದ ಮಾತ್ರಕ್ಕೆ ಆಕಾರ ಸುರಕ್ಷಿತವಾಗುವುದಿಲ್ಲ. ಹಿಂದಿನ ಚಕ್ರಗಳ ಶಕ್ತಿಗೆ ಮುಂಭಾಗ ಮೊದಲೇ ಹಗುರಾಗಿರುವ ಡ್ರ್ಯಾಗ್‌ಸ್ಟರ್‌ನಲ್ಲಿ ಇದು ಜೀವಕ್ಕೇ ಅಪಾಯ. ಗಾಳಿಸುರಂಗದ ಪರೀಕ್ಷೆ ಕೈಗೆಟುಕದ ಕಾಲದಲ್ಲಿ ಕಣ್ಣಳತೆಯಿಂದ ಕಟ್ಟಿದ ಆಕಾರದ ಗುಣ ತಿಳಿಯುತ್ತಿದ್ದುದು ಓಡಿಸಿ ನೋಡಿದಾಗಲೇ. ಆದ್ದರಿಂದ ಡ್ರ್ಯಾಗ್‌ಸ್ಟರ್‌ಗಳಲ್ಲಿ ಗಾಳಿಯ ವಿದ್ಯೆ ಮೊದಲು ಬೇರೂರಿದ್ದು ತಡೆ ತಗ್ಗಿಸುವ ಕವಚವಾಗಿ ಅಲ್ಲ, ನೆಲಕ್ಕೆ ಒತ್ತುವ ರೆಕ್ಕೆಯಾಗಿ. 1963ರಲ್ಲಿ ಪೊಮೋನಾದ ವಿಂಟರ್‌ನ್ಯಾಷನಲ್ಸ್ ಪಂದ್ಯವನ್ನು ಗಾರ್ಲಿಟ್ಸ್ ಗೆದ್ದಾಗ ಅವರ ಎಂಜಿನ್ನಿನ ಮೇಲೆ ಅಂಥದೊಂದು ರೆಕ್ಕೆಯಿತ್ತು. ತಡೆ ಹೆಚ್ಚಿಸಿಕೊಂಡಾದರೂ ಹಿಡಿತ ಪಡೆಯುವುದು ಮೇಲು ಎಂಬ ಈ ನಿರ್ಧಾರದಲ್ಲಿ ಓದುಗರ ಪ್ರಶ್ನೆಗೆ ಅರ್ಧ ಉತ್ತರವಿದೆ.

1970ರಲ್ಲಿ ಟ್ರಾನ್ಸ್‌ಮಿಷನ್ ಸಿಡಿದು ಬಲಪಾದದ ಒಂದು ಭಾಗ ಕಳೆದುಕೊಂಡ ಗಾರ್ಲಿಟ್ಸ್, ಎಂಜಿನ್ನನ್ನು ಚಾಲಕನ ಹಿಂದಕ್ಕೆ ಸರಿಸಿದ ಡ್ರ್ಯಾಗ್‌ಸ್ಟರ್ ಕಟ್ಟಿ 1971ರಲ್ಲಿ ಗೆಲ್ಲತೊಡಗಿದಾಗ ಮೈಕಟ್ಟಿನ ಲೆಕ್ಕವೂ ಬದಲಾಯಿತು, ಏಕೆಂದರೆ ಮುಂಭಾಗವನ್ನು ಸಪೂರವಾಗಿ ರೂಪಿಸಲು ಈಗ ಎಂಜಿನ್ ಅಡ್ಡಬರುತ್ತಿರಲಿಲ್ಲ. 1973ರಲ್ಲಿ ಅವರು ಜಾಕೊ ಅವರನ್ನೇ ಸೇರಿಸಿಕೊಂಡು 'ವಿನ್ಸ್ ಲೈನರ್' ಎಂಬ ಪೂರ್ಣಕವಚದ ವಾಹನ ತಂದರು. ನಿರೀಕ್ಷಿಸಿದ ವೇಗ ಬಾರದೆ ಅದನ್ನು ಬೇಗನೆ ಬಿಟ್ಟರು. ಹಿಂದಿನ ಎಲ್ಲ ಪ್ರಯತ್ನಗಳ ಸಾರವನ್ನು ಹಿಡಿದದ್ದು 1986ರ 'ಸ್ವಾಂಪ್ ರ‍್ಯಾಟ್ 30'. ಅದರಲ್ಲಿ ಚೂಪಾದ ಮೂತಿ, ಪುಟ್ಟ ಮುಂಚಕ್ರಗಳು, ಚಾಲಕನನ್ನು ಮುಚ್ಚುವ ಗುಮ್ಮಟ ಇದ್ದವು, ಆದರೆ ಎಂಜಿನ್ ಬಯಲಲ್ಲೇ ಇತ್ತು. ಆ ವರ್ಷ ಗೇನ್ಸ್‌ವಿಲ್‌ನಲ್ಲಿ ಅದು 272.56 ಮೈಲಿ ಮುಟ್ಟಿ, 270 ಮೈಲಿಯ ಗಡಿ ದಾಟಿದ ಮೊದಲ ಡ್ರ್ಯಾಗ್‌ಸ್ಟರ್ ಆಯಿತು. ಕೆಲವೇ ತಿಂಗಳುಗಳ ಬಳಿಕ ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್‌ನಲ್ಲಿ ಅದೇ ವಾಹನದ ಮೂತಿ ಗಾಳಿಗೆ ಎದ್ದು, ವಾಹನ ನೇರ ನಿಂತು ತಿರುಗಿಬಿದ್ದಿತು, ಗಾರ್ಲಿಟ್ಸ್ ಪಾರಾದರು. ಈಗಿನ ಅತಿವೇಗದ ಟಾಪ್ ಫ್ಯುಯೆಲ್ ಡ್ರ್ಯಾಗ್‌ಸ್ಟರ್‌ಗಳಲ್ಲೂ ಮುಂಭಾಗ ಸಪೂರವಾಗಿ ಮುಚ್ಚಿರುತ್ತದೆ, ಎಂಜಿನ್ ಮಾತ್ರ ತೆರೆದೇ ಇರುತ್ತದೆ, ಏಕೆಂದರೆ ಪ್ರತಿ ಓಟದ ನಂತರ ಅದನ್ನು ಪೂರ್ತಿ ಬಿಚ್ಚಿ ಜೋಡಿಸಬೇಕಾದ ಅಗತ್ಯ ಹಾಗೆಯೇ ಉಳಿದಿದೆ.