ಸ್ಪೀಕರ್ ಚರಚರ ಅಂದರೆ ಫಾರ್ಮ್ಯಾಟ್ ಯಾಕೆ ಹೊಡೆಸಬೇಕು?

ಪ್ರಶ್ನೆ: "ಕಂಪ್ಯೂಟರ್ ಸ್ಪೀಕರ್‌ನ್ಯಾಗ ಚರ್ ಚರ್ ಅಂತ ಸೌಂಡ್ ಬರಾಕತ್ತೈತ್ರಿ. ಫಾರ್ಮ್ಯಾಟ್ ಹೊಡಸಿದ್ರ ಸರಿ ಹೊಕ್ಕೈತೇನ್ರಿ?"

ಇಲ್ರೀ. ಹೋಗೋದಿಲ್ಲ. ಫಾರ್ಮ್ಯಾಟ್ ಅಂದರೆ ಕಂಪ್ಯೂಟರ್‌ನಲ್ಲಿದ್ದದ್ದನ್ನು ಅಳಿಸಿ ವಿಂಡೋಸ್ ಹೊಸದಾಗಿ ಹಾಕೋದು, ಅಷ್ಟೇ.

ಹುಬ್ಬಳ್ಳಿಯಲ್ಲಿ ರಿಪೇರಿ ಟೇಬಲ್ ಹಿಂದೆ ಕೂತು ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಇನ್ನೊಂದು ಸಲ ಹೇಳುತ್ತೇನೆ, ಈ ಸಲ ಬರೆದೇ ಇಡುತ್ತೇನೆ.

ಮೊದಲು ಸ್ಪೀಕರ್‌ನ ಪಿನ್ ಕಂಪ್ಯೂಟರ್‌ನಿಂದ ಕಿತ್ತು ಮೊಬೈಲ್‌ಗೆ ಹಾಕಿ. ಹೊಸ ಮೊಬೈಲ್‌ಗೆ ಆ ತೂತೇ ಇರೋದಿಲ್ಲ, ಗೊತ್ತು. ಮನೆಯ ಯಾವುದಾದರೂ ಡ್ರಾಯರ್‌ನಲ್ಲಿ ಹಳೇ ಫೋನ್ ಒಂದು ಬಿದ್ದಿರುತ್ತದಲ್ಲ, ಅದನ್ನು ತೆಗೆಯಿರಿ. ಅಲ್ಲೂ ಚರ್ ಅಂದರೆ ತಪ್ಪು ಸ್ಪೀಕರ್‌ನದ್ದು, ಇಲ್ಲವೇ ಅದರ ವೈರಿನದ್ದು. ವಿಂಡೋಸ್ ಅಲ್ಲಿ ಇಲ್ಲವೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು, ಅಲ್ವಾ?

ಇಷ್ಟು ಹೇಳಿದ ಮೇಲೂ ಒಂದು ಮಾತು ಬಂದೇ ಬರುತ್ತದೆ. "ನಮ್ಮ ಕಾಕಾರ ಕಂಪ್ಯೂಟರ್ ಫಾರ್ಮ್ಯಾಟ್ ಹೊಡಸಿದ ಮ್ಯಾಲನ ಸರಿ ಆತಲ್ರಿ!"

ಆಗಿರಬಹುದು. ಹೇಗೆ ಆಯಿತು ಅಂತ ನೋಡೋಣ. ಕಾಕಾ ಅಂಗಡಿಗೆ ಒಯ್ಯಲು ಸಿಪಿಯು ಹಿಂದಿನ ವೈರೆಲ್ಲ ಕಿತ್ತರು. ಎರಡು ವರ್ಷದಿಂದ ಕೂತ ಧೂಳು ಒರೆಸಿದರು. ಅಂಗಡಿಯವನು ಫಾರ್ಮ್ಯಾಟ್ ಹೊಡೆದ. ಮನೆಗೆ ತಂದು ಮತ್ತೆ ಪಿನ್ ಚುಚ್ಚಿದರು. ಅಲ್ಲಿ ಕೆಲಸ ಮಾಡಿದ್ದು ಆ ಚುಚ್ಚಿದ್ದು! ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ. 3.5 ಮಿಲಿಮೀಟರ್ ದಪ್ಪ, ಎರಡು ಕರಿ ಗೆರೆ, ಮೂರು ಲೋಹದ ತುಂಡು. ತುದಿ ಎಡಗಡೆ ಸ್ಪೀಕರ್‌ಗೆ, ನಡುವಿನದು ಬಲಗಡೆಗೆ, ಬುಡದ್ದು ಎರಡಕ್ಕೂ ಸೇರಿದ್ದು. ತೂತಿನ ಒಳಗೆ ತೆಳ್ಳನೆಯ ಲೋಹದ ಎಲೆಗಳು ಈ ಮೂರನ್ನೂ ಒತ್ತಿ ಹಿಡಿದಿರುತ್ತವೆ. ವರ್ಷಗಟ್ಟಲೆ ಅಲ್ಲಾಡದೆ ಕೂತರೆ ನಡುವೆ ಮಂಕು ಪೊರೆ ಕಟ್ಟುತ್ತದೆ, ನಮ್ಮೂರ ಧೂಳೂ ಸೇರುತ್ತದೆ. ಸಂಪರ್ಕ ಹತ್ತಿ ಹತ್ತಿ ಬಿಡುತ್ತದೆ. ಆ ಹತ್ತಿ ಬಿಡುವುದೇ ನಿಮಗೆ ಕೇಳುವ ಚರ್. ಕಿತ್ತು ಚುಚ್ಚಿದಾಗ ಉಜ್ಜಿ ಪೊರೆ ಹೋಯಿತು, ಹೆಸರು ಫಾರ್ಮ್ಯಾಟ್‌ಗೆ ಬಂತು. ದುಡ್ಡು ಹೋಯಿತು, ಡೆಸ್ಕ್‌ಟಾಪ್ ಮೇಲಿದ್ದ ಮದುವೆ ಫೋಟೋಗಳೂ ಹೋದವು.

ಹಾಗಾಗಿ ಪಿನ್ನನ್ನು ಹತ್ತು ಸಲ ತಿರುಗಿಸಿ, ಕಿತ್ತು, ಮತ್ತೆ ಹಾಕಿ. ಬಿಟ್ಟಿ ಕೆಲಸ.

ವಾಲ್ಯೂಮ್ ತಿರುವಿದಾಗ ಮಾತ್ರ ಕರಕರ ಅಂದರೆ ತಪ್ಪು ಆ ಗುಂಡಿಯದ್ದು. ಅದರೊಳಗೆ ಕಾರ್ಬನ್ ಪಟ್ಟಿ ಇರುತ್ತದೆ, ಅದರ ಮೇಲೆ ಒಂದು ಮುಳ್ಳು ಓಡಾಡುತ್ತದೆ. ಸ್ಪೀಕರ್ ಆಫ್ ಮಾಡಿ, ಪ್ಲಗ್ ಕಿತ್ತು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಒಂಚೂರು ಬಿಟ್ಟು ಇಪ್ಪತ್ತು ಸಲ ತಿರುವಿ. ಪೂರ್ತಿ ಒಣಗಿದ ಮೇಲೆ ಆನ್ ಮಾಡಿ. ಕೊಬ್ಬರಿ ಎಣ್ಣೆ ಬಿಡಬೇಡಿ. ಸುಮ್ನೆ ಹೇಳುತ್ತಿಲ್ಲ, ಬಿಟ್ಟುಕೊಂಡು ಬಂದವರಿದ್ದಾರೆ.

ಮೊಬೈಲ್‌ನಲ್ಲಿ ಚೆನ್ನಾಗಿದೆ, ಕಂಪ್ಯೂಟರ್‌ನಲ್ಲಿ ಮಾತ್ರ ಚರ್ ಅನ್ನುತ್ತದೆ ಅಂದರೆ ಪಿನ್ನನ್ನು ಸಿಪಿಯು ಡಬ್ಬಿಯ ಮುಂದುಗಡೆಯ ತೂತಿನಿಂದ ತೆಗೆದು ಹಿಂದುಗಡೆಯದಕ್ಕೆ ಹಾಕಿ ನೋಡಿ. ಅಲ್ಲೂ ಹಾಗೇ ಆದರೆ ಮಾತ್ರ ವಿಂಡೋಸ್ ಕಡೆ ಬನ್ನಿ. ಒಂದು ಸೆಕೆಂಡಿನ ಹಾಡು ಅಂದರೆ 44,100 ಇಲ್ಲವೇ 48,000 ತುಣುಕು. ಕಂಪ್ಯೂಟರ್ ಅವನ್ನು ಸ್ವಲ್ಪ ಸ್ವಲ್ಪ ತುಂಬಿ ಕೊಡುತ್ತಿರಬೇಕು. ನಡುವೆ ವೈಫೈ ಡ್ರೈವರೋ (ವೈಫೈ ನಡೆಸುವ ಸಾಫ್ಟ್‌ವೇರ್) ಇನ್ನೊಂದೋ ಪ್ರೊಸೆಸರನ್ನು ಹಿಡಿದು ಕೂತರೆ ತುಣುಕು ಬರುವುದು ತಡವಾಗುತ್ತದೆ, ಚಟ್ ಅನ್ನುತ್ತದೆ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರ್‌ನ ಪ್ರಾಪರ್ಟೀಸ್‌ಗೆ ಹೋಗಿ ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಮಾಡಿ. ಅಲ್ಲೇ ಫಾರ್ಮ್ಯಾಟ್ ಅನ್ನುವ ಜಾಗದಲ್ಲಿ 16 ಬಿಟ್, 48000 ಹರ್ಟ್ಜ್ ಇಟ್ಟು ನೋಡಿ. (ಹೌದು, ಅದರ ಹೆಸರೂ ಫಾರ್ಮ್ಯಾಟೇ. ನೀವು ಹೊಡೆಸಬೇಕಾದ ಫಾರ್ಮ್ಯಾಟ್ ಅದೊಂದೇ.) ಆಮೇಲೆ ಸೌಂಡ್ ಡ್ರೈವರನ್ನು ಮದರ್‌ಬೋರ್ಡ್ ಕಂಪನಿಯ ಸೈಟಿನಿಂದಲೇ ಇಳಿಸಿಕೊಳ್ಳಿ.

ಹಾಂ, ಪರೀಕ್ಷೆಗೆ ಹಾಕುವ ಹಾಡು ನೋಡಿಕೊಳ್ಳಿ. ಒಬ್ಬ ಹಿರಿಯರು ಮೂರು ಸಲ ಸ್ಪೀಕರ್ ಬದಲಿಸಿದ್ದರು. ಅವರು ಕೇಳುತ್ತಿದ್ದದ್ದು ಗಂಗೂಬಾಯಿ ಹಾನಗಲ್ಲರ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಕಾಲದ ಹಾಡು. ಅರಗಿನ ತಟ್ಟೆಯ ಚರಚರ ಅದರೊಳಗೇ ಇದೆ! ತಂಬೂರಿ ಶ್ರುತಿ ಹಾಕಿ ಕೇಳಿ, ಒಂದು ಚಟ್ ಬಂದರೂ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಯಾರೂ ಕೇಳೋದಿಲ್ಲ, ನಾನೇ ಹೇಳುತ್ತೇನೆ. ಚರ್ ಅಲ್ಲ, ಹಾಡು ಇಲ್ಲದಾಗಲೂ ಗುಂಯ್ ಅಂತ ಒಂದೇ ಸಮ ಬರುತ್ತಾ? ಸಿಪಿಯು ಡಬ್ಬಿ ಮುಟ್ಟಿದರೆ ಬೆರಳಿಗೆ ಝುಮ್ ಅನ್ನುತ್ತಾ? ಹಾಗಿದ್ದರೆ ಅರ್ಥಿಂಗ್ ಮೇಲೆ ಅನುಮಾನ ಪಡಿ. ಕಂಪ್ಯೂಟರ್‌ನ ಪವರ್ ಸಪ್ಲೈಯೊಳಗಿನ ಫಿಲ್ಟರ್ ಒಂಚೂರು ಕರೆಂಟನ್ನು ಅರ್ಥಿಗೆ ಬಿಡುತ್ತಲೇ ಇರುತ್ತದೆ. ಅರ್ಥ್ ಇಲ್ಲದಿದ್ದರೆ ಅದು ಡಬ್ಬಿಯಲ್ಲೇ ಉಳಿಯುತ್ತದೆ, ಆಡಿಯೋ ವೈರಿಗೂ ಹತ್ತುತ್ತದೆ. ಗುಂಯ್ ನಿಲ್ಲಿಸಲು ಪ್ಲಗ್ಗಿನ ದಪ್ಪ ಅರ್ಥ್ ಪಿನ್ ಮುರಿಯುವ ಜಾಣರಿದ್ದಾರೆ. ದಯವಿಟ್ಟು ಬೇಡ, ಜೀವ ಉಳಿಸೋದು ಆ ಪಿನ್ನೇ. ವೈರ್‌ಮನ್ ಕರೆಸಿ ಅರ್ಥಿಂಗ್ ತೋರಿಸಿ. ನಮ್ಮ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು, ಅರ್ಥಿಂಗ್‌ಗೆ ನೆಲದಲ್ಲಿ ಹೂತ ಪೈಪಿನಿಂದ ದೂರ ಸರಿಯುತ್ತದೆ, ಪೈಪಿನ ಸುತ್ತ ಗುಂಡಿಗೆ ತುಂಬಿದ ಉಪ್ಪು ಇದ್ದಿಲೂ ಒಣಗಿರುತ್ತವೆ. ನಳ ಬಂದ ದಿನ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತೀರಲ್ಲ, ಎರಡು ಕೊಡ ಆ ಗುಂಡಿಗೂ ಹಾಕಿ.