ಚುಕ್ಕೆ ಗುರುತಿನ ಪ್ರಶ್ನೆ ಅಂದರೆ ಏನು?

ಅಧಿವೇಶನದ ದಿನಗಳಲ್ಲಿ ಪೇಪರಿನಲ್ಲಿ ಈ ಮಾತು ಆಗಾಗ ಕಾಣುತ್ತದೆ. ಪ್ರಶ್ನೆಯ ಸಂಖ್ಯೆಗೆ ನಕ್ಷತ್ರದಂಥ ಒಂದು ಗುರುತು ಹಾಕಿರುತ್ತಾರೆ, ಅದೇ ಚುಕ್ಕೆ. ಅದಿದ್ದರೆ ಮಂತ್ರಿ ಸದನದಲ್ಲಿ ಎದ್ದು ನಿಂತು ಉತ್ತರ ಹೇಳಬೇಕು. ಇಲ್ಲದಿದ್ದರೆ ಬರೆದುಕೊಟ್ಟರೆ ಸಾಕು.

ಇಷ್ಟೇನಾ ಅನ್ನಬೇಡಿ. ಚುಕ್ಕೆಯ ಬಲ ಇರುವುದು ಅದರ ಹಿಂದೆಯೇ ಬರುವ ಉಪಪ್ರಶ್ನೆಯಲ್ಲಿ.

ನಮ್ಮ ಕೊಡಗಿನ ಮಾತನ್ನೇ ತೆಗೆದುಕೊಳ್ಳಿ. ರಾತ್ರಿ ಆನೆ ಹಿಂಡು ಬಂದು ಗದ್ದೆ ತುಳಿದು, ಕಾಫಿ ಗಿಡ ಮುರಿದು ಹೋಗಿದೆ. ಪರಿಹಾರದ ಅರ್ಜಿ ಹಾಕಿ ತಿಂಗಳುಗಳಾಗಿವೆ. ಶಾಸಕರು ಪ್ರಶ್ನೆ ಕೊಡುತ್ತಾರೆ. ಉತ್ತರದ ಹಾಳೆಯಲ್ಲಿ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ‘(ಅ) ಕಾಡಾನೆ ಹಾವಳಿ ಹೆಚ್ಚಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಪಕ್ಕದಲ್ಲಿ ಒಂದೇ ಪದ: ‘ಬಂದಿದೆ.’ ‘(ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ಅದಕ್ಕೆ ಕಂದಕ, ಸೋಲಾರ್ ಬೇಲಿ, ರೈಲ್ವೆ ಕಂಬಿ ಬೇಲಿ ಅಂತ ಉದ್ದದ ಪಟ್ಟಿ. ಚುಕ್ಕೆ ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಚುಕ್ಕೆ ಇದ್ದರೆ ಶಾಸಕರು ಮತ್ತೆ ಎದ್ದು, ‘ಮಾನ್ಯ ಸಭಾಧ್ಯಕ್ಷರೇ, ಆ ಕಂಬಿ ಬೇಲಿ ಅರ್ಧಕ್ಕೇ ನಿಂತಿದೆ. ಆನೆ ಬರುವುದೇ ಆ ಸಂದಿಯಿಂದ. ಉಳಿದದ್ದು ಯಾವಾಗ?’ ಅಂತ ಕೇಳಬಹುದು. ಮಂತ್ರಿ ಎಲ್ಲರ ಎದುರು, ಅಲ್ಲೇ ಹೇಳಬೇಕು.

‘ಗಮನಕ್ಕೆ ಬಂದಿದೆಯೇ’ ಅನ್ನುವ ಪ್ರಶ್ನೆ ಸುಮ್ನೆ ದಂಡ ಅನ್ನಿಸುತ್ತದೆ ನನಗೆ. ಎಷ್ಟು ಅರ್ಜಿ ಬಂತು, ಎಷ್ಟಕ್ಕೆ ದುಡ್ಡು ಹೋಯಿತು, ಎಷ್ಟು ಬಾಕಿ ಇದೆ? ಲೆಕ್ಕ ಕೇಳಿದರೆ ಲೆಕ್ಕ ಕೊಡಲೇಬೇಕಲ್ವಾ?

ಯಾರನ್ನು ಕೇಳಬೇಕು ಅನ್ನುವುದೂ ಮುಖ್ಯ. ಆನೆ ಹಾನಿಯ ಪರಿಹಾರ ರಾಜ್ಯದ ಅರಣ್ಯ ಮಂತ್ರಿಗೆ. ಕಾಫಿ ಮಂಡಳಿ ಕೇಂದ್ರದ ವಾಣಿಜ್ಯ ಇಲಾಖೆಯದು, ಅದನ್ನು ನಮ್ಮ ಮೈಸೂರು-ಕೊಡಗು ಸಂಸದರು ದೆಹಲಿಯಲ್ಲಿ ಕೇಳಬೇಕು. ಅಲ್ಲಿ ಪೈಪೋಟಿ ಜಾಸ್ತಿ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಪ್ರಶ್ನೆ ಮಾತ್ರ, ಚುಕ್ಕೆ ಇಲ್ಲದವು 230. ಕನಿಷ್ಠ 15 ದಿನ ಮೊದಲೇ ಕೊಡಬೇಕು, ಆಮೇಲೆ ಚೀಟಿ ಎತ್ತುತ್ತಾರೆ. ಪ್ರಶ್ನೋತ್ತರಕ್ಕೆ ಇರುವುದು ಒಂದೇ ಗಂಟೆ, ಪಟ್ಟಿಯ ಕೆಳಗಿದ್ದವರ ಸರದಿ ಎಷ್ಟೋ ದಿನ ಬರುವುದೇ ಇಲ್ಲ.

1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ತನಕ ಕೊಡಗಿಗೇ 24 ಸದಸ್ಯರ ವಿಧಾನಸಭೆ ಇತ್ತು. ಈಗ ಮಡಿಕೇರಿ, ವಿರಾಜಪೇಟೆ, ಎರಡೇ ಸೀಟು. ಆ ಇಬ್ಬರ ಒಂದೊಂದು ಚುಕ್ಕೆ ಪ್ರಶ್ನೆಯೂ ನಮಗೆ ಬೆಲೆಬಾಳುವಂಥದ್ದು.

ಇನ್ನೊಂದು ಮಾತು. ಮಂತ್ರಿ ಸದನದಲ್ಲಿ ‘ಪರಿಶೀಲಿಸಲಾಗುವುದು’ ಅಂದರೆ ಅದು ಗಾಳಿಗೆ ಹೋಗುವ ಮಾತಲ್ಲ. ಅಂಥ ಮಾತುಗಳ ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಲೋಕಸಭೆಯಲ್ಲಾದರೆ ಮೂರು ತಿಂಗಳಲ್ಲಿ ಭರವಸೆ ಈಡೇರಿಸಬೇಕು. ಉತ್ತರದ ಹಾಳೆ ಸದನದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಪ್ರಿಂಟ್ ತೆಗೆದು ನಿಮ್ಮ ಅರ್ಜಿಯ ಜೊತೆ ಇಟ್ಟುಕೊಳ್ಳಿ. ಮುಂದಿನ ಸಲ ಆಫೀಸಿಗೆ ಹೋದಾಗ ಅದನ್ನೇ ಮುಂದಿಡಿ.