ಎಡಿತ್ ಕ್ಯಾವೆಲ್ ಸ್ಮಾರಕ: ಒಂದು ಕಲ್ಲು, ಎರಡು ಮಾತು

ನರ್ಸಿಂಗ್ ಇತಿಹಾಸದ ಪಾಠದಲ್ಲಿ ನೈಟಿಂಗೇಲ್ ಮುಗಿದ ಮೇಲೆ ಒಂದೆರಡು ಸಾಲಿನಲ್ಲಿ ಬಂದು ಹೋಗುವ ಹೆಸರು ಎಡಿತ್ ಕ್ಯಾವೆಲ್. ಲಂಡನ್ನಿನ ಟ್ರಫಾಲ್ಗರ್ ಚೌಕದ ಹತ್ತಿರ ಅವರ ಸ್ಮಾರಕವಿದೆ. ಮಂಡ್ಯದಲ್ಲಿ ಕೂತು ಓದುವ ನಾವು ಅದನ್ನು ಚಿತ್ರದಲ್ಲಷ್ಟೇ ನೋಡಬೇಕು. ಆದರೆ ನೆನಪಿನ ಕಲ್ಲನ್ನು ಓದುವುದು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ.

ಮದ್ದೂರು ತಾಲ್ಲೂಕಿನ ಆತಕೂರು ಶಾಸನ ನೆನಪಿಸಿಕೊಳ್ಳಿ. ಹತ್ತನೇ ಶತಮಾನದ ಕಲ್ಲು, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಗಂಗರ ಬೂತುಗ ತನ್ನ ಸೇವಕ ಮಣಲೇರನ ಶೌರ್ಯಕ್ಕೆ ಮೆಚ್ಚಿ ‘ಏನು ಬೇಕು ಕೇಳು’ ಅಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಂದಿಗೆ ಕಾದಾಡಿತು, ಎರಡೂ ಸತ್ತವು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಮುಖಾಮುಖಿ ನಿಂತಿವೆ. ಅದೇ ಕಲ್ಲಿನಲ್ಲಿ ಚೋಳ ರಾಜಾದಿತ್ಯ ಸತ್ತ ತಕ್ಕೋಲದ ಯುದ್ಧದ ಸುದ್ದಿಯೂ ಇದೆ. ಅರಸರ ಯುದ್ಧ, ಒಬ್ಬ ಸೇವಕನ ಪ್ರೀತಿ, ಎರಡಕ್ಕೂ ಒಂದೇ ಕಲ್ಲು. ಕ್ಯಾವೆಲ್ ಸ್ಮಾರಕವನ್ನು ನಾನು ಓದಲು ಕಲಿತದ್ದು ಈ ಕಲ್ಲಿನಿಂದ.

ಮೊದಲು ವ್ಯಕ್ತಿ. ಹುಟ್ಟಿದ್ದು 1865ರಲ್ಲಿ, ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಹಳ್ಳಿಯಲ್ಲಿ, ಪಾದ್ರಿಯ ಮಗಳಾಗಿ. ಮೂವತ್ತು ದಾಟಿದ ಮೇಲೆ ನರ್ಸಿಂಗ್ ಕಲಿತರು. 1907ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನ ಹೊಸ ನರ್ಸಿಂಗ್ ಶಾಲೆಗೆ ಮೇಟ್ರನ್, ಅಂದರೆ ಮುಖ್ಯಸ್ಥೆ, ಆದರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಅವರು ಊರಲ್ಲಿ ತಾಯಿಯ ಜೊತೆಗಿದ್ದರು. ಅಲ್ಲೇ ಉಳಿಯಬಹುದಿತ್ತು. ಉಳಿಯದೆ ಬ್ರಸೆಲ್ಸ್‌ಗೆ ಮರಳಿದರು. ಜರ್ಮನರು ಬ್ರಸೆಲ್ಸ್ ಹಿಡಿದರು. ಗಾಯಾಳು ಯಾವ ದೇಶದವನಾದರೂ ಆರೈಕೆ ಒಂದೇ ಎಂದು ತಮ್ಮ ನರ್ಸ್‌ಗಳಿಗೆ ಅವರು ಹೇಳಿಕೊಟ್ಟಿದ್ದರು, ಹಾಗೆಯೇ ನಡೆದರು. ಇದರ ಜೊತೆಗೇ ಸಿಕ್ಕಿಬಿದ್ದಿದ್ದ ಮಿತ್ರಪಕ್ಷದ ಸುಮಾರು 200 ಸೈನಿಕರಿಗೆ ಹಾಲೆಂಡಿಗೆ ತಪ್ಪಿಸಿಕೊಂಡು ಹೋಗಲು ನೆರವಾದರು.

ಇಲ್ಲಿ ಹಲವರು ಎಡವುತ್ತಾರೆ. ಅವರನ್ನು ‘ಗೂಢಚಾರಿಣಿ’ ಅಂತ ಬರೆಯಬೇಡಿ. 1915ರ ಆಗಸ್ಟ್‌ನಲ್ಲಿ ಬಂಧಿಸಿದಾಗ ಹೊರಿಸಿದ ಆರೋಪ ಸೈನಿಕರನ್ನು ಸಾಗಿಸಿದ್ದು. ಅದನ್ನು ಅವರೇ ಒಪ್ಪಿಕೊಂಡರು. ಆಸ್ಪತ್ರೆಗೆ, ಅಲ್ಲಿನ ಸಿಬ್ಬಂದಿಗೆ ಜಿನೀವಾ ಒಪ್ಪಂದ ರಕ್ಷಣೆ ಕೊಡುತ್ತದೆ ನಿಜ. ಆದರೆ ಆಸ್ಪತ್ರೆಯ ಮರೆಯಲ್ಲಿ ಎದುರಾಳಿಗೆ ಹಾನಿಯಾಗುವ ಕೆಲಸ ನಡೆದರೆ ಆ ರಕ್ಷಣೆ ತಪ್ಪುತ್ತದೆ. ಇದನ್ನು ತಿಳಿದಮೇಲೆ ಅವರ ಮೇಲಿನ ಗೌರವ ನನಗೆ ಹೆಚ್ಚಿತು. ತಮ್ಮ ಸಮವಸ್ತ್ರ ತಮ್ಮನ್ನು ಕಾಯುವುದಿಲ್ಲ ಎಂಬ ಸ್ಥಿತಿಯಲ್ಲೇ ಅವರು ಆ ಕೆಲಸ ಮಾಡಿದ್ದು. ಅಕ್ಟೋಬರ್ 12ರ ಬೆಳಗಿನ ಜಾವ ಜರ್ಮನರು ಅವರನ್ನು ಗುಂಡಿಕ್ಕಿ ಕೊಂದರು. ವಯಸ್ಸು 49.

ಬ್ರಿಟನ್ ಈ ಸಾವನ್ನು ಸೇನಾ ಭರ್ತಿಯ ಪೋಸ್ಟರುಗಳಿಗೆ ಬಳಸಿಕೊಂಡಿತು. ಸ್ಮಾರಕ ಹುಟ್ಟಿದ್ದು ಆ ಕಾವಿನಲ್ಲೇ. ಶಿಲ್ಪಿ ಜಾರ್ಜ್ ಫ್ರಾಂಪ್ಟನ್. 1920ರ ಮಾರ್ಚ್‌ನಲ್ಲಿ ರಾಣಿ ಅಲೆಕ್ಸಾಂಡ್ರಾ ಅನಾವರಣ ಮಾಡಿದರು. ಸುಮಾರು 40 ಅಡಿ ಎತ್ತರದ ಬೂದು ಗ್ರಾನೈಟ್ ಕಂಬ. ಅದರ ಮುಂದೆ, ನರ್ಸ್ ಉಡುಪಿನಲ್ಲಿ ನೆಟ್ಟಗೆ ನಿಂತ ಕ್ಯಾವೆಲ್, ಬಿಳಿ ಅಮೃತಶಿಲೆಯಲ್ಲಿ, ಸುಮಾರು 10 ಅಡಿ. ದೇವರ ಸುತ್ತ ಬಂದ ಹಾಗೆ ಇದಕ್ಕೂ ಒಂದು ಸುತ್ತು ಬರಬೇಕು, ಯಾಕೆಂದರೆ ನಾಲ್ಕು ಕಡೆ ನಾಲ್ಕು ಪದಗಳಿವೆ: ಮಾನವೀಯತೆ, ನಿಷ್ಠೆ, ಸ್ಥೈರ್ಯ, ತ್ಯಾಗ. ಮೇಲೆ ದೊಡ್ಡದಾಗಿ ‘ದೊರೆಗಾಗಿ, ದೇಶಕ್ಕಾಗಿ’.

ಆದರೆ ಸಾವಿನ ಹಿಂದಿನ ರಾತ್ರಿ ತಮ್ಮನ್ನು ನೋಡಲು ಬಂದ ಪಾದ್ರಿ ಗಾಹನ್ ಅವರಿಗೆ ಕ್ಯಾವೆಲ್ ಹೇಳಿದ್ದು ಬೇರೆಯೇ: ‘ದೇಶಾಭಿಮಾನವೊಂದೇ ಸಾಲದು. ಯಾರ ಮೇಲೂ ನನಗೆ ದ್ವೇಷವಾಗಲಿ ಕಹಿಯಾಗಲಿ ಇರಕೂಡದು.’ ಅನಾವರಣದ ದಿನ ಈ ಮಾತು ಕಲ್ಲಿನ ಮೇಲೆ ಇರಲಿಲ್ಲ. ಮಹಿಳಾ ಸಂಘಟನೆಯೊಂದು ಒತ್ತಾಯಿಸಿದ ಮೇಲೆ, 1924ರಲ್ಲಿ, ಪ್ರತಿಮೆಯ ಕೆಳಗೆ ಅವರ ಹೆಸರು, ಬ್ರಸೆಲ್ಸ್, ಬೆಳಗಿನ ಜಾವ, ತಾರೀಖು ಎಂದು ಮೊದಲೇ ಕೊರೆದಿದ್ದ ಸಾಲುಗಳ ಅಡಿಯಲ್ಲಿ ಕೆತ್ತಿದರು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇವಲ್ಲ, ಇದನ್ನೂ ಹಾಗೇ ಓದಿ ನೋಡಿ. ಕೆಳಗೆ ಸಾಯುವವರ ಮಾತು, ನಡುವೆ ಅವರು, ತಲೆಯ ಮೇಲೆ ಉಳಿದವರು ಅವರ ಪರವಾಗಿ ಆಡಿದ ಮಾತು. ಕೆಳಗಿನದು ಮೇಲಿನದಕ್ಕೆ ಉತ್ತರ ಕೊಡುತ್ತಿದೆ ಅಂತಲೇ ನನಗೆ ಅನ್ನಿಸುವುದು. ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯುವಾಗ ಮೇಲಿನ ಸಾಲಿನ ಪಕ್ಕ 1920, ಕೆಳಗಿನದರ ಪಕ್ಕ 1924 ಅಂತ ಹಾಕಿಕೊಳ್ಳಿ.